ಡ್ರೈವರ್ ಹೊಡೆತ: ತಂತ್ರ ಮತ್ತು ಸುಧಾರಣೆ

ಗಾಲ್ಫ್ ಆಟದಲ್ಲಿ ಟೀ ಎಂಬ ಸಣ್ಣ ಗೂಟದ ಮೇಲೆ ಚೆಂಡನ್ನಿಟ್ಟು, ಆಟಗಾರನ ಚೀಲದಲ್ಲಿರುವ ಕೋಲುಗಳಲ್ಲೆಲ್ಲ ಸಾಮಾನ್ಯವಾಗಿ ಅತಿ ಉದ್ದದ್ದಾದ ಡ್ರೈವರಿನಿಂದ ಹೊಡೆಯುವ ಮೊದಲ ಏಟೇ ಡ್ರೈವರ್ ಹೊಡೆತ. ಚೆಂಡನ್ನು ಆದಷ್ಟು ದೂರಕ್ಕೆ, ಫೇರ್‌ವೇ ಎಂದು ಕರೆಯುವ ಹುಲ್ಲುಹಾದಿಯ ಮೇಲೆ ಬೀಳುವಂತೆ ಕಳುಹಿಸುವುದು ಇದರ ಗುರಿ. 18 ಗುಳಿಗಳ ಮೈದಾನದಲ್ಲಿ ಮೂರು ಏಟಿನಲ್ಲಿ ಮುಗಿಸಬೇಕಾದ, ಕಡಿಮೆ ದೂರದ ಗುಳಿಗಳು ಸಾಮಾನ್ಯವಾಗಿ ನಾಲ್ಕಿರುತ್ತವೆ. ಉಳಿದ 14ರಲ್ಲಿ ಡ್ರೈವರ್ ಹಿಡಿಯುವ ಅವಕಾಶವುಂಟು.

ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ಅಮೆರಿಕದ ವೃತ್ತಿಪರ ಪಂದ್ಯಗಳ ಹೊಡೆತಗಳನ್ನು ಒಂದೊಂದಾಗಿ ಲೆಕ್ಕಹಾಕಿ, 2014ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಹಳೆಯ ನಂಬಿಕೆಯನ್ನು ಅಲ್ಲಗಳೆದರು. ಗ್ರೀನ್ ಎಂಬ, ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ ಚೆಂಡನ್ನು ಉರುಳಿಸುವ ಕೌಶಲವೇ ಗೆಲುವಿನ ಗುಟ್ಟು ಎಂಬುದು ಆ ನಂಬಿಕೆ. ಅವರ ಲೆಕ್ಕದ ಪ್ರಕಾರ ಉತ್ತಮ ಆಟಗಾರರಿಗೂ ಉಳಿದವರಿಗೂ ಇರುವ ಅಂತರದಲ್ಲಿ ಮೂರರಲ್ಲಿ ಎರಡು ಪಾಲು 100 ಗಜಕ್ಕಿಂತ ಆಚೆಯಿಂದ ಹೊಡೆದ ಏಟುಗಳಿಂದ ಹುಟ್ಟುತ್ತದೆ. ಹೀಗಾಗಿ ಡ್ರೈವರ್ ಹೊಡೆತವನ್ನು ತಿದ್ದಿಕೊಳ್ಳಲು ಕಳೆದ ಸಮಯ ವ್ಯರ್ಥವಲ್ಲ. ಅದನ್ನು ಯಾವ ಕ್ರಮದಲ್ಲಿ ತಿದ್ದಿಕೊಳ್ಳಬೇಕು ಎಂಬುದೇ ಮುಖ್ಯ ಪ್ರಶ್ನೆ. ಕೋಲಿನ ತಲೆಯಲ್ಲಿ ಚೆಂಡಿಗೆ ತಾಗುವ ಬದಿಯಾದ ಮುಖದ ನಡುಭಾಗಕ್ಕೆ ಚೆಂಡು ತಾಗಬೇಕು, ಆ ಮುಖ ಗುರಿಯತ್ತ ತಿರುಗಿರಬೇಕು, ಆಮೇಲೆ ವೇಗ ಬರಬೇಕು. ಈ ಕ್ರಮವನ್ನು ತಿರುವುಮುರುವು ಮಾಡಿದವರೇ ಹೆಚ್ಚಾಗಿ ಸೋಲುತ್ತಾರೆ. ಈ ಲೇಖನದ ವಿವರಗಳೆಲ್ಲ ಬಲಗೈ ಆಟಗಾರರಿಗೆ ಅನ್ವಯಿಸುತ್ತವೆ. ಎಡಗೈಯವರು ಬಲವನ್ನು ಎಡವೆಂದು ಓದಿಕೊಳ್ಳಬೇಕು.

ಕೋಲಿನ ಇತಿಹಾಸ

ಹಿಂದೆ ಡ್ರೈವರಿನ ತಲೆಯನ್ನು ಪರ್ಸಿಮನ್ ಎಂಬ ಗಟ್ಟಿ ಮರದಿಂದಲೂ ಹಿಡಿಕೋಲನ್ನು ಹಿಕರಿ ಮರದಿಂದಲೂ ಮಾಡುತ್ತಿದ್ದರು. ಹಿಕರಿ ಕೋಲು ಹೊಡೆಯುವಾಗ ತಿರುಚಿಕೊಳ್ಳುತ್ತಿದ್ದ ಕಾರಣ ಆಗಿನ ಆಟಗಾರರು ಕೈಗಳ ನಾಜೂಕನ್ನೇ ನೆಚ್ಚಬೇಕಾಗಿತ್ತು. ಆಟದ ನಿಯಮ ರೂಪಿಸುವ ಬ್ರಿಟನ್ನಿನ ಆರ್ ಅಂಡ್ ಎ ಸಂಸ್ಥೆ 1929ರಲ್ಲಿ ಉಕ್ಕಿನ ಹಿಡಿಕೋಲಿಗೆ ಒಪ್ಪಿಗೆ ಕೊಟ್ಟ ಮೇಲೆ ಇಡೀ ಮೈಯನ್ನು ತಿರುಗಿಸಿ ಹೊಡೆಯುವ ಇಂದಿನ ಶೈಲಿಗೆ ದಾರಿಯಾಯಿತು. 1970ರ ದಶಕದಲ್ಲಿ ಹಗುರವಾದ ಗ್ರಾಫೈಟ್ ಹಿಡಿಕೋಲು ಬಂತು. 1979ರಲ್ಲಿ ಗ್ಯಾರಿ ಆಡಮ್ಸ್ ಸ್ಥಾಪಿಸಿದ ಟೇಲರ್‌ಮೇಡ್ ಕಂಪನಿ ಲೋಹದ ತಲೆಯ ಡ್ರೈವರನ್ನು ಮಾರುಕಟ್ಟೆಗೆ ತಂದಿತು. 1991ರ ಕ್ಯಾಲವೇ ಬಿಗ್ ಬರ್ತಾ ತಲೆಯ ಗಾತ್ರವನ್ನು ಹಿಗ್ಗಿಸಿತು. ಆ ದಶಕದ ನಡುವಿನಲ್ಲಿ ಟೈಟಾನಿಯಂ ತಲೆ ಬಂದು ಗಾತ್ರ ಇನ್ನೂ ದೊಡ್ಡದಾಯಿತು.

ಈಗ ನಿಯಮದ ಪ್ರಕಾರ ತಲೆಯ ಗಾತ್ರ 460 ಘನ ಸೆಂಟಿಮೀಟರ್ ಮೀರುವಂತಿಲ್ಲ. ಕೋಲಿನ ಉದ್ದಕ್ಕೆ 48 ಅಂಗುಲದ ಮಿತಿಯಿದೆ; 2022ರ ಜನವರಿಯಿಂದ ವೃತ್ತಿಪರ ಪಂದ್ಯಗಳನ್ನು ನಡೆಸುವವರು ಸ್ಥಳೀಯ ನಿಯಮವೊಂದರ ಮೂಲಕ ಅದನ್ನು 46 ಅಂಗುಲಕ್ಕೆ ಇಳಿಸಬಹುದು. ಟೀ 4 ಅಂಗುಲಕ್ಕಿಂತ ಎತ್ತರವಿರಬಾರದು. ಚೆಂಡಿನ ತೂಕ 45.93 ಗ್ರಾಂ ದಾಟಬಾರದು, ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆಯಾಗಬಾರದು.

ಅಂಗಡಿಯಲ್ಲಿ ಸಿಗುವ ಡ್ರೈವರುಗಳು ಸಾಮಾನ್ಯವಾಗಿ 45.5 ಅಂಗುಲದ ಆಸುಪಾಸಿನಲ್ಲಿರುತ್ತವೆ. ಕೋಲು ಉದ್ದವಾದಷ್ಟೂ ತಲೆಯ ವೇಗ ಹೆಚ್ಚುತ್ತದೆ, ಆದರೆ ಮುಖದ ನಡುಭಾಗಕ್ಕೆ ಚೆಂಡು ತಾಗುವ ಸಂಭವ ಕಡಿಮೆಯಾಗುತ್ತದೆ. ಟೈಗರ್ ವುಡ್ಸ್ ತಮ್ಮ ಆರಂಭದ ವರ್ಷಗಳಲ್ಲಿ ಬಳಸಿದ ಉಕ್ಕಿನ ಹಿಡಿಕೋಲಿನ ಡ್ರೈವರ್ ಸುಮಾರು 43.5 ಅಂಗುಲದ್ದು. ಹೊಸಬರು ಹಿಡಿಯ ತುದಿಯಿಂದ ಒಂದು ಅಂಗುಲ ಕೆಳಗೆ ಹಿಡಿದರೂ ಇದೇ ಪ್ರಯೋಜನ ಸಿಗುತ್ತದೆ. ಮುಖದ ಓರೆ, ಅಂದರೆ ಲಾಫ್ಟ್, 8ರಿಂದ 12 ಡಿಗ್ರಿಯವರೆಗೆ ಇರುತ್ತದೆ. ನಿಧಾನವಾಗಿ ಬೀಸುವವರಿಗೆ ಹೆಚ್ಚು ಲಾಫ್ಟ್ ಇರುವ ಕೋಲೇ ಹೆಚ್ಚು ದೂರ ಕೊಡುತ್ತದೆ. ಕಡಿಮೆ ಲಾಫ್ಟ್ ಎಂದರೆ ಶೂರತನ ಎಂಬ ಭಾವನೆಯಿಂದ ಬಹಳ ಜನ ಈ ಲಾಭವನ್ನು ಕಳೆದುಕೊಳ್ಳುತ್ತಾರೆ.

ಚೆಂಡು ಹಾರುವ ಬಗೆ

ಕೋಲಿನ ಮುಖಕ್ಕೂ ಚೆಂಡಿಗೂ ಇರುವ ಸಂಪರ್ಕ ಸುಮಾರು ಅರ್ಧ ಮಿಲಿಸೆಕೆಂಡಿನದು. ಅಷ್ಟರಲ್ಲಿ ಏನನ್ನೂ ತಿದ್ದಲಾಗದು. ಆ ಗಳಿಗೆಗೆ ಮುಂಚೆ ಮೈಕೈ ಹೇಗೆ ಚಲಿಸಿದವೆಂಬುದೇ ಫಲವನ್ನು ನಿರ್ಧರಿಸುತ್ತದೆ. ಸಂಪರ್ಕದ ಕ್ಷಣದಲ್ಲಿ ಐದು ಅಂಶಗಳು ಲೆಕ್ಕಕ್ಕೆ ಬರುತ್ತವೆ: ತಲೆಯ ವೇಗ, ಚೆಂಡು ತಾಗಿದ ಜಾಗ, ಮುಖ ನೋಡುತ್ತಿರುವ ದಿಕ್ಕು, ಕೋಲು ಸಾಗುತ್ತಿರುವ ದಾರಿ ಮತ್ತು ಕೋಲು ಕೆಳಮುಖವಾಗಿದೆಯೋ ಮೇಲ್ಮುಖವಾಗಿದೆಯೋ ಎಂಬುದು.

ಚೆಂಡು ಯಾವ ದಿಕ್ಕಿಗೆ ಹೊರಡುತ್ತದೆ ಎಂಬುದನ್ನು ಬಹುಪಾಲು ಮುಖದ ದಿಕ್ಕೇ ತೀರ್ಮಾನಿಸುತ್ತದೆ. ಹೊರಟ ಮೇಲೆ ಯಾವ ಕಡೆಗೆ ಬಾಗುತ್ತದೆ ಎಂಬುದು ಮುಖದ ದಿಕ್ಕಿಗೂ ಕೋಲಿನ ದಾರಿಗೂ ನಡುವಿನ ವ್ಯತ್ಯಾಸದಿಂದ ಗೊತ್ತಾಗುತ್ತದೆ. ಕೋಲಿನ ದಾರಿಗಿಂತ ಮುಖ ಬಲಕ್ಕೆ ತೆರೆದಿದ್ದರೆ ಚೆಂಡು ಬಲಕ್ಕೆ ಬಾಗುತ್ತದೆ, ಇದೇ ಸ್ಲೈಸ್. ಮುಖ ಎಡಕ್ಕೆ ಮುಚ್ಚಿಕೊಂಡಿದ್ದರೆ ಎಡಕ್ಕೆ ಬಾಗುತ್ತದೆ, ಇದು ಹುಕ್. ಬಾಗುವುದನ್ನು ಬಿಟ್ಟರೂ, ಚೆಂಡು ಹೊರಡುವ ದಿಕ್ಕಿನಲ್ಲಿ ಕೇವಲ 2 ಡಿಗ್ರಿ ತಪ್ಪಿದರೆ 250 ಗಜ ದೂರದಲ್ಲಿ ಅದು 8ರಿಂದ 9 ಗಜ ಆಚೆಗೆ ಬೀಳುತ್ತದೆ.

ಡ್ರೈವರಿನ ಮುಖ ಚಪ್ಪಟೆಯಲ್ಲ, ಸ್ವಲ್ಪ ಉಬ್ಬಿರುತ್ತದೆ. ಮುಖದ ಹೊರತುದಿಗೆ ತಾಗಿದ ಚೆಂಡು ಬಲಕ್ಕೆ ಹೊರಟು ಎಡಕ್ಕೆ ಬಾಗುವ ಸುತ್ತು ಪಡೆಯುತ್ತದೆ. ಹಿಡಿಕೋಲಿನ ಹತ್ತಿರದ ಹಿಮ್ಮಡಿ ಭಾಗಕ್ಕೆ ತಾಗಿದರೆ ಬಲಕ್ಕೆ ಬಾಗುವ ಸುತ್ತು ಸಿಗುತ್ತದೆ. ತನ್ನ ಸ್ವಿಂಗ್, ಅಂದರೆ ಕೋಲು ಬೀಸುವ ರೀತಿ, ಕೆಟ್ಟಿದೆ ಎಂದು ಕೊರಗುವ ಆಟಗಾರನ ಸ್ಲೈಸಿಗೆ ಎಷ್ಟೋ ಸಲ ಹಿಮ್ಮಡಿಗೆ ತಾಗುವ ಅಭ್ಯಾಸವೇ ಕಾರಣವಾಗಿರುತ್ತದೆ. ಮುಖದ ಮೇಲ್ಭಾಗಕ್ಕೆ ತಾಗಿದ ಚೆಂಡು ಎತ್ತರಕ್ಕೆ ಏರಿ ಕಡಿಮೆ ಸುತ್ತುತ್ತದೆ. ಕೆಳಭಾಗಕ್ಕೆ ತಾಗಿದ್ದು ತಗ್ಗಾಗಿ ಹೊರಟು ಹೆಚ್ಚು ಸುತ್ತುತ್ತದೆ. ಮೊದಲನೆಯದು ದೂರ ಕೊಡುತ್ತದೆ, ಎರಡನೆಯದು ದೂರ ಕಸಿಯುತ್ತದೆ.

ನಡುಭಾಗಕ್ಕೆ ತಾಗಿದಾಗ ಚೆಂಡಿನ ವೇಗ ಕೋಲಿನ ತಲೆಯ ವೇಗದ ಸುಮಾರು ಒಂದೂವರೆ ಪಟ್ಟು ಇರುತ್ತದೆ; ಇದೇ ಹೆಚ್ಚುಕಡಿಮೆ ಗರಿಷ್ಠ ಮಿತಿ. ಅಮೆರಿಕದ ಪುರುಷ ವೃತ್ತಿಪರರ ತಲೆಯ ವೇಗ ಸರಾಸರಿ ಗಂಟೆಗೆ 180 ಕಿ.ಮೀ. ಮೇಲಿದೆ, ಮಹಿಳಾ ವೃತ್ತಿಪರರದು 150 ಕಿ.ಮೀ. ಆಸುಪಾಸು. ಈ ವೇಗದಲ್ಲಿ ಬಹಳಷ್ಟು ಹವ್ಯಾಸಿ ಪುರುಷರು ಮಹಿಳಾ ವೃತ್ತಿಪರರಿಗೆ ಸಮ. ಆದರೂ ಆ ಮಹಿಳೆಯರ ಚೆಂಡು ಹೆಚ್ಚು ದೂರ ಹೋಗುತ್ತದೆ. ಅವರು ಚೆಂಡನ್ನು ನಡುಮುಖದಲ್ಲಿ, ಕೋಲು ಮೇಲೇಳುತ್ತಿರುವಾಗ ಹೊಡೆಯುತ್ತಾರೆ. ಕಲಿಯುವವರು ಅನುಕರಿಸಬೇಕಾದದ್ದು ಇದನ್ನೇ.

ಉಳಿದ ಕೋಲುಗಳಿಗಿಂತ ಭಿನ್ನ

ಕಬ್ಬಿಣದ ಕೋಲುಗಳಿಂದ ನೆಲದ ಮೇಲಿನ ಚೆಂಡನ್ನು ಹೊಡೆಯುವಾಗ ಕೋಲು ಕೆಳಮುಖವಾಗಿ ಬಂದು ಮೊದಲು ಚೆಂಡಿಗೆ, ಬಳಿಕ ನೆಲಕ್ಕೆ ತಾಗಬೇಕು. ಡ್ರೈವರಿನಲ್ಲಿ ಚೆಂಡು ಗೂಟದ ಮೇಲಿರುವುದರಿಂದ ಕೋಲು ತನ್ನ ಅತಿ ತಗ್ಗಿನ ಬಿಂದುವನ್ನು ದಾಟಿ ಮೇಲೇಳುವಾಗ ಚೆಂಡನ್ನು ಸಂಧಿಸಬಹುದು. ಹಾಗಾದಾಗ ಚೆಂಡು ಎತ್ತರಕ್ಕೆ ಹೊರಡುತ್ತದೆ, ಹಿಮ್ಮುಖ ಸುತ್ತು ಕಡಿಮೆಯಾಗುತ್ತದೆ. ತಲೆಯ ವೇಗ ಅಷ್ಟೇ ಇದ್ದರೂ, 5 ಡಿಗ್ರಿ ಕೆಳಮುಖದ ಏಟನ್ನು 5 ಡಿಗ್ರಿ ಮೇಲ್ಮುಖಕ್ಕೆ ಬದಲಿಸಿಕೊಂಡ ಹವ್ಯಾಸಿಗೆ 20 ಗಜದ ಸುತ್ತಮುತ್ತ ಹೆಚ್ಚುವರಿ ದೂರ ಸಿಗುತ್ತದೆ. ಇದಕ್ಕೆ ಹೆಚ್ಚಿನ ಶಕ್ತಿ ಬೇಕಿಲ್ಲ. ನಿಲ್ಲುವ ರೀತಿ ಬದಲಾದರೆ ಸಾಕು.

ನಿಲುವು ಮತ್ತು ಹಿಡಿತ

ಪಾದಗಳ ನಡುವಿನ ಅಂತರ ಭುಜಗಳ ಅಗಲಕ್ಕಿಂತ ತುಸು ಹೆಚ್ಚಿರಬೇಕು. ಚೆಂಡು ಎಡ ಹಿಮ್ಮಡಿಯ ಒಳಬದಿಗೆ ನೇರವಾಗಿರಬೇಕು. ಕೋಲಿನ ತಲೆಯನ್ನು ನೆಲಕ್ಕೂರಿದಾಗ ಅರ್ಧ ಚೆಂಡು ತಲೆಯ ಮೇಲಂಚಿಗಿಂತ ಮೇಲೆ ಕಾಣುವಷ್ಟು ಎತ್ತರಕ್ಕೆ ಟೀ ಊರಬೇಕು. ಬೆನ್ನು ಗುರಿಯಿಂದ ತುಸು ಹಿಂದಕ್ಕೆ ವಾಲಿ, ಬಲಭುಜ ಎಡಭುಜಕ್ಕಿಂತ ಕೆಳಗಿರಬೇಕು. ಮೈಭಾರ ಬಲಗಾಲಿನ ಮೇಲೆ ಸ್ವಲ್ಪ ಹೆಚ್ಚಾಗಿ ನಿಲ್ಲಬೇಕು. ಇಷ್ಟನ್ನು ಸರಿಯಾಗಿ ಮಾಡಿದರೆ ಮೇಲ್ಮುಖದ ಏಟು ತಾನಾಗಿ ಬರುತ್ತದೆ.

ನಿಲುವಿನಲ್ಲಿ ಬಹಳ ಜನ ಗಮನಿಸದ ದೋಷವೊಂದಿದೆ. ಚೆಂಡನ್ನು ಮುಂದಿಟ್ಟುಕೊಂಡಾಗ ಭುಜಗಳು ಅರಿವಿಲ್ಲದೆ ಗುರಿಯ ಎಡಕ್ಕೆ ತಿರುಗುತ್ತವೆ. ಪಾದಗಳು ಗುರಿಗೆ ಸಮಾನಾಂತರವಾಗಿದ್ದರೂ ಭುಜಗಳು ಎಡಕ್ಕೆ ನೋಡುತ್ತಿದ್ದರೆ ಕೋಲು ಹೊರಗಿನಿಂದ ಒಳಕ್ಕೆ ಕೊಯ್ಯುವಂತೆ ಬರುತ್ತದೆ. ಎದೆಗೆ ಅಡ್ಡಲಾಗಿ ಒಂದು ಕೋಲು ಹಿಡಿದು ಅದು ಎತ್ತ ನೋಡುತ್ತಿದೆಯೆಂದು ನೋಡಿಕೊಂಡರೆ ಈ ತಪ್ಪು ಬಯಲಾಗುತ್ತದೆ.

ಹಿಡಿತದಲ್ಲಿ ಮೂರು ಬಗೆಗಳು ಬಳಕೆಯಲ್ಲಿವೆ. ಬಲಗೈಯ ಕಿರುಬೆರಳನ್ನು ಎಡಗೈಯ ಮೇಲೆ ಇಡುವ ಬಗೆಗೆ ಜೆರ್ಸಿ ದ್ವೀಪದ ಆಟಗಾರ ಹ್ಯಾರಿ ವಾರ್ಡನ್ ಹೆಸರು ಬಂದಿದೆ. ಎರಡು ಕೈಗಳ ಬೆರಳುಗಳನ್ನು ಹೆಣೆಯುವುದು ಇನ್ನೊಂದು ಬಗೆ. ಹತ್ತೂ ಬೆರಳುಗಳನ್ನು ಹಿಡಿಯ ಮೇಲಿಡುವುದು ಮಕ್ಕಳಿಗೂ ಸಣ್ಣ ಕೈಯವರಿಗೂ ಸುಲಭ. ಯಾವುದೇ ಬಗೆಯಾದರೂ ಮುಖದ ದಿಕ್ಕನ್ನು ಆಳುವುದು ಎಡಗೈ ಹಿಡಿಯ ಮೇಲೆ ಕೂತಿರುವ ರೀತಿ. ಕೆಳಗೆ ನೋಡಿದಾಗ ಎಡಗೈಯ ಎರಡರಿಂದ ಮೂರು ಗೆಣ್ಣುಗಳು ಕಾಣಬೇಕು. ಒಂದೇ ಗೆಣ್ಣು ಕಂಡರೆ ಮುಖ ತೆರೆದುಕೊಂಡು ಸ್ಲೈಸ್ ಆಗುವ ಸಂಭವ ಹೆಚ್ಚು. ನಾಲ್ಕೂ ಕಂಡರೆ ಹುಕ್ ಆಗುವ ಸಂಭವ ಹೆಚ್ಚು.

ಕ್ರಿಕೆಟ್ ಆಡಿ ಬೆಳೆದವರು ಗಾಲ್ಫಿಗೆ ಬಂದಾಗ ಕೆಳಗಿನ ಕೈಯಿಂದ ಬಿಗಿಯಾಗಿ ಹಿಡಿದು ಅಡ್ಡ ಬೀಸುತ್ತಾರೆ. ಮಿಡ್‌ವಿಕೆಟ್ ಕಡೆಗೆ ಎತ್ತಿ ಹೊಡೆಯುವ ಆ ರೂಢಿಯೇ ಇಲ್ಲಿ ಕೋಲನ್ನು ಹೊರಗಿನಿಂದ ಒಳಕ್ಕೆ ಎಳೆಯುತ್ತದೆ. ಬಲಗೈಯನ್ನು ಸಡಿಲಿಸಿ, ಮೊದಲ ಕೆಲವು ವಾರ ಎಡಗೈಯ ಹಿಡಿತವನ್ನೇ ನೆಚ್ಚುವುದು ಅವರಿಗೆ ಒಳ್ಳೆಯ ಮದ್ದು.

ಸ್ವಿಂಗಿನ ಹಂತಗಳು

ಹಿನ್ನಡೆ ಎಂದರೆ ಕೋಲನ್ನು ಚೆಂಡಿನಿಂದ ಹಿಂದಕ್ಕೂ ಮೇಲಕ್ಕೂ ಒಯ್ಯುವ ಹಂತ. ಮೊದಲ ಒಂದು ಅಡಿಯಷ್ಟು ದೂರ ಕೋಲು ನೆಲಕ್ಕೆ ಹತ್ತಿರವಾಗಿ, ತೋಳು ಮತ್ತು ಎದೆ ಒಟ್ಟಿಗೆ ತಿರುಗುತ್ತ ಸಾಗಬೇಕು. ಮೇಲ್ತುದಿ ಮುಟ್ಟುವಾಗ ಬೆನ್ನು ಗುರಿಯ ಕಡೆಗೆ ತಿರುಗಿರಬೇಕು. ಮೈ ಸಡಿಲವಿಲ್ಲದವರು ಎಡ ಹಿಮ್ಮಡಿಯನ್ನು ನೆಲದಿಂದ ಎತ್ತಲು ಹಿಂಜರಿಯಬೇಕಿಲ್ಲ. ನಡುವಯಸ್ಸು ದಾಟಿದವರಿಗೆ ಅದು ಸೊಂಟವನ್ನು ಕಾಪಾಡುವ ಉಪಾಯವೂ ಹೌದು.

ಇಳಿಕೆಯ ಹಂತದಲ್ಲಿ ಚಲನೆ ಕೆಳಗಿನಿಂದ ಮೇಲಕ್ಕೆ ಹಬ್ಬುತ್ತದೆ. ಕೋಲು ಇನ್ನೂ ಮೇಲಕ್ಕೆ ಹೋಗುತ್ತಿರುವಾಗಲೇ ಮೈಭಾರ ಎಡಗಾಲಿಗೆ ಬರಲಾರಂಭಿಸುತ್ತದೆ. ಮೊದಲು ಸೊಂಟ, ಆಮೇಲೆ ಎದೆ, ಅನಂತರ ತೋಳು, ಕೊನೆಗೆ ಕೋಲು ತಮ್ಮ ತಮ್ಮ ಗರಿಷ್ಠ ವೇಗವನ್ನು ಮುಟ್ಟುತ್ತವೆ. ಒಂದು ಭಾಗ ನಿಧಾನವಾದಾಗ ಅದರ ವೇಗ ಮುಂದಿನ ಭಾಗಕ್ಕೆ ವರ್ಗವಾಗುತ್ತದೆ. ಬಾರುಕೋಲು ಬೀಸಿದಾಗ ಹಿಡಿಯ ಸಣ್ಣ ಚಲನೆ ತುದಿಯಲ್ಲಿ ದೊಡ್ಡ ವೇಗವಾಗಿ ಸಿಡಿಯುವುದು ಇದೇ ತತ್ವದಿಂದ. ಬ್ರಿಟನ್ನಿನ ಅಲಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ 1968ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ವಿಂಗನ್ನು ಒಂದಕ್ಕೊಂದು ಜೋಡಿಸಿದ ಎರಡು ಲೋಲಕಗಳಾಗಿ ನೋಡಿದರು: ಭುಜದಿಂದ ತೂಗುವ ತೋಳು ಒಂದು, ಮಣಿಕಟ್ಟಿನಿಂದ ತೂಗುವ ಕೋಲು ಇನ್ನೊಂದು. ಮಣಿಕಟ್ಟಿನ ಮಡಿಕೆ ಬೇಗ ಬಿಚ್ಚಿಕೊಂಡರೆ ಕೋಲಿನ ಗರಿಷ್ಠ ವೇಗ ಚೆಂಡಿಗಿಂತ ಮುಂಚೆಯೇ ಖರ್ಚಾಗುತ್ತದೆ. ಬಲವೆಲ್ಲ ಹಾಕಿ ಹೊಡೆದರೂ ಚೆಂಡು ಹೋಗದಿರುವುದಕ್ಕೆ ಹೆಚ್ಚಾಗಿ ಇದೇ ಕಾರಣ.

ಲಯವೂ ಮುಖ್ಯ. ವೃತ್ತಿಪರರ ಹಿನ್ನಡೆಗೆ ಸುಮಾರು ಮುಕ್ಕಾಲು ಸೆಕೆಂಡ್, ಇಳಿಕೆಗೆ ಅದರ ಮೂರರಲ್ಲಿ ಒಂದು ಪಾಲು ಹಿಡಿಯುತ್ತದೆ. ಜಾನ್ ನೊವೊಸೆಲ್ ಎಂಬವರು ವಿಡಿಯೊಗಳನ್ನು ಚೌಕಟ್ಟು ಚೌಕಟ್ಟಾಗಿ ಎಣಿಸಿ ಈ 3:1 ಅನುಪಾತವನ್ನು ಪ್ರಚುರಪಡಿಸಿದರು. ಹೊಸಬರಲ್ಲಿ ಸಾಮಾನ್ಯವಾಗಿ ಹಿನ್ನಡೆ ಎಳೆದಾಡುತ್ತದೆ, ಇಳಿಕೆ ಗಾಬರಿಯಿಂದ ತೋಳಿನಲ್ಲಿ ಆರಂಭವಾಗುತ್ತದೆ.

ಮುಕ್ತಾಯದ ಹಂತ ಚೆಂಡು ಹೋದ ಮೇಲಿನದು. ಹಾಗಾದರೂ ಅದು ಮೊದಲಿನ ಹಂತಗಳ ಸಾಕ್ಷಿ. ಮೈಭಾರವೆಲ್ಲ ಎಡಗಾಲಿನ ಮೇಲೆ, ಬಲಪಾದ ಹೆಬ್ಬೆರಳ ತುದಿಯಲ್ಲಿ, ಹೊಟ್ಟೆ ಗುರಿಯ ಕಡೆಗೆ ಇದ್ದು, ಚೆಂಡು ನೆಲಕ್ಕೆ ಬೀಳುವವರೆಗೂ ತೂಕ ತಪ್ಪದೆ ನಿಲ್ಲಲು ಸಾಧ್ಯವಾದರೆ ಸ್ವಿಂಗ್ ಹದದಲ್ಲಿದೆ ಎಂದರ್ಥ.

ಸಾಮಾನ್ಯ ದೋಷಗಳು ಮತ್ತು ಪರಿಹಾರ

ಸ್ಲೈಸ್ ಹವ್ಯಾಸಿಗಳನ್ನು ಅತಿ ಹೆಚ್ಚು ಕಾಡುವ ದೋಷ. ಇದರಿಂದ ಬೇಸತ್ತ ಆಟಗಾರ ಇನ್ನಷ್ಟು ಎಡಕ್ಕೆ ಗುರಿಯಿಟ್ಟು ನಿಲ್ಲುತ್ತಾನೆ. ಆಗ ಕೋಲಿನ ದಾರಿಯೂ ಎಡಕ್ಕೆ ಹೋಗಿ, ದಾರಿಗೂ ಮುಖಕ್ಕೂ ವ್ಯತ್ಯಾಸ ಹೆಚ್ಚಿ, ಸ್ಲೈಸ್ ಇನ್ನೂ ದೊಡ್ಡದಾಗುತ್ತದೆ. ಮೊದಲು ಹಿಡಿತವನ್ನು ಸರಿಪಡಿಸಿ ಮುಖವನ್ನು ಹತೋಟಿಗೆ ತರಬೇಕು, ಆಮೇಲೆ ದಾರಿಯನ್ನು ತಿದ್ದಬೇಕು. ಚೆಂಡಿನ ಹೊರಬದಿಯಲ್ಲಿ, ಒಂದು ಗೇಣು ಹಿಂದೆ, ಖಾಲಿ ರಟ್ಟಿನ ಡಬ್ಬಿಯನ್ನಿಟ್ಟು ಅದಕ್ಕೆ ತಾಗದಂತೆ ಹೊಡೆಯುವ ಅಭ್ಯಾಸ ದಾರಿಯನ್ನು ಒಳಗಿನಿಂದ ತರುತ್ತದೆ.

ಚೆಂಡಿನ ನೆತ್ತಿಗೆ ಮಾತ್ರ ತಾಗಿ ಅದು ನೆಲದಲ್ಲಿ ಉರುಳುವುದಕ್ಕೆ ತಲೆಯೆತ್ತಿ ನೋಡಿದ್ದು ಕಾರಣ ಎನ್ನುವುದು ವಾಡಿಕೆ. ನಿಜವಾಗಿ ಇಳಿಕೆಯಲ್ಲಿ ಸೊಂಟ ಚೆಂಡಿನ ಕಡೆಗೆ ನುಗ್ಗಿ ಬೆನ್ನು ನೆಟ್ಟಗಾಗುವುದರಿಂದ ಹೀಗಾಗುವುದು ಹೆಚ್ಚು. ಗೋಡೆಗೆ ಪೃಷ್ಠ ತಾಗಿಸಿ ನಿಂತು, ತಿರುಗುವಾಗ ಮೊದಲು ಬಲಬದಿ, ಬಳಿಕ ಎಡಬದಿ ಗೋಡೆಯನ್ನು ಬಿಡದಂತೆ ಕೋಲಿಲ್ಲದೆ ಅಭ್ಯಾಸ ಮಾಡಿದರೆ ಇದು ಕಡಿಮೆಯಾಗುತ್ತದೆ. ಚೆಂಡು ನೇರ ಆಕಾಶಕ್ಕೆ ಚಿಮ್ಮಿ ಕೋಲಿನ ತಲೆಯ ಮೇಲ್ಭಾಗದಲ್ಲಿ ಗುರುತು ಬಿದ್ದರೆ ಏಟು ಕಡಿದಾಗಿ ಕೆಳಕ್ಕೆ ಬರುತ್ತಿದೆ ಎಂದು ತಿಳಿಯಬೇಕು. ಟೀಯನ್ನು ತಗ್ಗಿಸುವ ಬದಲು ಬೆನ್ನಿನ ವಾಲಿಕೆಯನ್ನು ಸರಿಪಡಿಸಬೇಕು.

ಅಭ್ಯಾಸದ ಕ್ರಮ

ಮೊದಲ ಹಂತ ನಡುಮುಖದ್ದು. ಕೋಲಿನ ಮುಖಕ್ಕೆ ಟಾಲ್ಕಂ ಪೌಡರ್ ಸವರಿ ಹೊಡೆದರೆ ಚೆಂಡು ತಾಗಿದ ಜಾಗದಲ್ಲಿ ದುಂಡನೆಯ ಗುರುತು ಮೂಡುತ್ತದೆ. ದುಬಾರಿ ಯಂತ್ರ ಹೇಳುವ ಸಂಗತಿಗಳಲ್ಲಿ ಅತಿ ಮುಖ್ಯವಾದದ್ದನ್ನು ಈ ಪುಡಿ ಹೇಳಿಬಿಡುತ್ತದೆ. ಸೊಂಟದೆತ್ತರದಿಂದ ಸೊಂಟದೆತ್ತರಕ್ಕೆ ಅರ್ಧ ಸ್ವಿಂಗ್ ಮಾಡುತ್ತ, ಗುರುತುಗಳು ನಡುವೆ ಗುಂಪುಗೂಡುವವರೆಗೆ ಪೂರ್ಣ ಸ್ವಿಂಗಿಗೆ ಹೋಗಬಾರದು. ಎರಡೂ ಪಾದ ಜೋಡಿಸಿ ಹೊಡೆಯುವುದು ಸಮತೋಲ ಕಲಿಸುತ್ತದೆ.

ಎರಡನೆಯ ಹಂತ ದಿಕ್ಕಿನದು. ಮೊಬೈಲನ್ನು ಒಮ್ಮೆ ಎದೆಗೆ ಎದುರಾಗಿ, ಇನ್ನೊಮ್ಮೆ ಗುರಿರೇಖೆಯ ಹಿಂದೆ ಕೈಗಳ ಎತ್ತರದಲ್ಲಿಟ್ಟು ನಿಧಾನಗತಿಯಲ್ಲಿ ಚಿತ್ರೀಕರಿಸಬೇಕು. ಮೊದಲನೆಯದರಲ್ಲಿ ಚೆಂಡಿನ ಜಾಗ, ಬೆನ್ನಿನ ವಾಲಿಕೆ, ಭಾರದ ಬದಲಾವಣೆ ಕಾಣುತ್ತವೆ. ಎರಡನೆಯದರಲ್ಲಿ ಭುಜದ ದಿಕ್ಕು, ಕೋಲಿನ ದಾರಿ ಕಾಣುತ್ತವೆ. ಒಂದು ಸಲಕ್ಕೆ ಒಂದೇ ದೋಷವನ್ನು ತಿದ್ದಬೇಕು.

ಮೂರನೆಯ ಹಂತ ವೇಗದ್ದು. ಹಗುರವಾದ ಕೋಲನ್ನು ಚೆಂಡಿಲ್ಲದೆ ಗರಿಷ್ಠ ವೇಗದಲ್ಲಿ ಬೀಸಿ, ಪ್ರತಿ ಬೀಸಿನ ನಡುವೆ ವಿಶ್ರಾಂತಿ ಪಡೆಯುವುದು ಇದರ ರೀತಿ. ಎಡಗಾಲನ್ನು ಬಲಗಾಲಿಗೆ ಜೋಡಿಸಿಕೊಂಡು ಹಿನ್ನಡೆ ಆರಂಭಿಸಿ, ಕೋಲು ಮೇಲೆ ಮುಟ್ಟುವ ಮುನ್ನ ಎಡಗಾಲಿನಿಂದ ಗುರಿಯತ್ತ ಹೆಜ್ಜೆಯಿಟ್ಟು ಹೊಡೆಯುವ ಅಭ್ಯಾಸ ಸೊಂಟದಿಂದ ಆರಂಭವಾಗುವ ಕ್ರಮವನ್ನು ಮೈಗೆ ಕಲಿಸುತ್ತದೆ.

ಗಾಲ್ಫಿಗರಲ್ಲಿ ಬೆನ್ನಿನ ಕೆಳಭಾಗದ ನೋವು ಅತಿ ಸಾಮಾನ್ಯ. ಮೊಣಕೈ ಒಳಬದಿಯ ನೋವು ಈ ಆಟದ ಹೆಸರನ್ನೇ ಪಡೆದಿದೆ. ಮೈ ಬಿಸಿಮಾಡಿಕೊಳ್ಳದೆ ಬುಟ್ಟಿಗಟ್ಟಲೆ ಚೆಂಡುಗಳನ್ನು ಡ್ರೈವರಿನಿಂದಲೇ ಹೊಡೆಯುವುದು ಎರಡಕ್ಕೂ ದಾರಿ. ಸಣ್ಣ ಕೋಲುಗಳಿಂದ ಆರಂಭಿಸಿ ಕೊನೆಗೆ ಡ್ರೈವರಿಗೆ ಬರಬೇಕು. ನೋವು ಕಂಡ ದಿನ ನಿಲ್ಲಿಸಬೇಕು.

ಕರ್ನಾಟಕದ ಆಟಗಾರರು

ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಸ್ಥಾಪನೆಯಾಯಿತು. ನಗರದ ನಡುವಿನ ಇಕ್ಕಟ್ಟಾದ ಈ ಮೈದಾನದಲ್ಲಿ ದೂರಕ್ಕಿಂತ ನೇರಕ್ಕೆ ಬೆಲೆ. ಚಲ್ಲಘಟ್ಟದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನವನ್ನು ಐದು ಬಾರಿ ಬ್ರಿಟಿಷ್ ಓಪನ್ ಗೆದ್ದ ಆಸ್ಟ್ರೇಲಿಯದ ಪೀಟರ್ ಥಾಮ್ಸನ್ ರೂಪಿಸಿದರು. 2012ರ ಇಂಡಿಯನ್ ಓಪನ್ ಅಲ್ಲಿ ನಡೆಯಿತು. ಮೈಸೂರಿನಲ್ಲಿ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿದೆ. ಕೊಡಗಿನಲ್ಲೂ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲೂ ಮೈದಾನಗಳಿವೆ.

ಡ್ರೈವರಿನ ವಿಷಯದಲ್ಲಿ ಈ ನೆಲದ ಇಬ್ಬರ ಆಟ ಎರಡು ಪಾಠಗಳನ್ನು ಕೊಡುತ್ತದೆ. ಪುಣೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ವಿಜಯ್ ದಿವೇಚಾ ಅವರ ಬಳಿ ಪಳಗಿದ ಅನಿರ್ಬನ್ ಲಾಹಿರಿ 2015ರ ಪಿಜಿಎ ಚಾಂಪಿಯನ್‌ಶಿಪ್ ಸಂದರ್ಭದಲ್ಲಿ ನಡೆದ ಅತಿ ದೂರದ ಹೊಡೆತದ ಸ್ಪರ್ಧೆಯನ್ನು 327 ಗಜ ಹೊಡೆದು ಗೆದ್ದರು. ಮುಖ್ಯ ಪಂದ್ಯದಲ್ಲಿ ಐದನೆಯ ಸ್ಥಾನ ಹಂಚಿಕೊಂಡರು. ಪಶ್ಚಿಮದ ಆಟಗಾರರ ಮುಂದೆ ಭಾರತೀಯರು ದೂರದಲ್ಲಿ ಹಿಂದೆ ಎಂಬ ಮಾತಿಗೆ ಅಂದು ಉತ್ತರ ಸಿಕ್ಕಿತು.

ಬೆಂಗಳೂರಿನ ಅದಿತಿ ಅಶೋಕ್ 2016ರಲ್ಲಿ ಮಹಿಳಾ ಇಂಡಿಯನ್ ಓಪನ್ ಗೆದ್ದು, ಮಹಿಳೆಯರ ಯುರೋಪಿಯನ್ ಟೂರ್ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಅವರು ನಾಲ್ಕನೆಯವರು. ಅಲ್ಲಿ ಡ್ರೈವರ್ ದೂರದಲ್ಲಿ ಅತಿ ಹಿಂದಿದ್ದವರ ಸಾಲಿನಲ್ಲಿದ್ದರೂ, ತಪ್ಪದ ದಿಕ್ಕು ಮತ್ತು ಗ್ರೀನಿನ ಮೇಲಿನ ಹಿಡಿತದಿಂದ ಪದಕದ ಹತ್ತಿರ ಬಂದರು. ಅನಂತರ ಅವರು ಹೊಡೆತದ ದೂರ ಹೆಚ್ಚಿಸಿಕೊಳ್ಳಲು ವಿಶೇಷ ಗಮನ ಕೊಟ್ಟರು. 2023ರಲ್ಲಿ ಕೀನ್ಯಾದಲ್ಲಿಯೂ ಸ್ಪೇನಿನಲ್ಲಿಯೂ ಗೆದ್ದು, ಹಾಂಗ್‌ಜೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಪಡೆದರು. ದಿಕ್ಕನ್ನು ಮೊದಲು ಸಾಧಿಸಿ ದೂರವನ್ನು ಆಮೇಲೆ ಕೂಡಿಸಿಕೊಂಡ ಅವರ ದಾರಿ ಕಲಿಯುವ ಎಲ್ಲರಿಗೂ ಮಾದರಿ.

ಇದು ಸಿರಿವಂತರ ಆಟವೆಂಬ ಮಾತಿನಲ್ಲಿ ನಿಜವಿದೆ. ಹಾಗಿದ್ದೂ 2009ರ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಆಟಗಾರರ ಚೀಲ ಹೊರುವ ಕ್ಯಾಡಿಯಾಗಿ ಮೈದಾನಕ್ಕೆ ಕಾಲಿಟ್ಟವರು. ಬಿಡದಿಯ ಈಗಲ್‌ಟನ್ ಮೈದಾನದ ನೆರೆಯ ಹಳ್ಳಿಯಲ್ಲಿ ಬೆಳೆದ ಎಸ್. ಚಿಕ್ಕರಂಗಪ್ಪ ದೇಶದ ಮುಂಚೂಣಿಯ ವೃತ್ತಿಪರರಾದರು. ಮೈಸೂರಿನ ಪ್ರಣವಿ ಅರಸ್ ಅಂತರರಾಷ್ಟ್ರೀಯ ಮಹಿಳಾ ಪಂದ್ಯಗಳಲ್ಲಿ ಆಡುತ್ತಿದ್ದಾರೆ.

ಸೊಲ್ಲಾಪುರ ಸೀಮೆಯ ಹವೆ ಮತ್ತು ನೆಲ

ಕರ್ನಾಟಕದ ಗಡಿಯಾಚೆ, ಮಹಾರಾಷ್ಟ್ರದ ಸೊಲ್ಲಾಪುರದಿಂದ ಭೀಮಾ ನದಿ ದಾಟಿ ವಿಜಯಪುರಕ್ಕೆ ಸಾಗುವ ವಿಜಾಪುರ ರಸ್ತೆಯ ಸುತ್ತಲೂ, ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳಲ್ಲೂ ಕನ್ನಡಿಗರು ತಲೆಮಾರುಗಳಿಂದ ನೆಲೆಸಿದ್ದಾರೆ. ಅಲ್ಲಿ ಗಾಲ್ಫ್ ಕಲಿಯುವವರು ತಮ್ಮ ಹವೆಯ ಗುಣವನ್ನು ಅರಿತಿರಬೇಕು. ಗಾಳಿ ತೆಳುವಾದಷ್ಟೂ ಚೆಂಡಿಗೆ ತಡೆ ಕಡಿಮೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಚೆಂಡು ಸಮುದ್ರಮಟ್ಟಕ್ಕಿಂತ ನೂರಕ್ಕೆ ಮೂರರಿಂದ ನಾಲ್ಕರಷ್ಟು ಹೆಚ್ಚು ದೂರ ಹೋಗುತ್ತದೆ. ಸೊಲ್ಲಾಪುರದ ಎತ್ತರ ಅದರ ಅರ್ಧದಷ್ಟು, ಸುಮಾರು 460 ಮೀಟರ್. ಆದರೆ ಬಿಸಿಯೂ ಗಾಳಿಯನ್ನು ತೆಳುವಾಗಿಸುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ಇರುವಾಗ ಸೊಲ್ಲಾಪುರದ ಗಾಳಿಯ ಸಾಂದ್ರತೆಯನ್ನು ಲೆಕ್ಕಹಾಕಿದರೆ ಅದು 25 ಡಿಗ್ರಿಯ ಬೆಂಗಳೂರಿನ ಗಾಳಿಗೆ ಹೆಚ್ಚುಕಡಿಮೆ ಸಮವಾಗುತ್ತದೆ. ಹೀಗಾಗಿ ಚಳಿಗಾಲದ ಬೆಳಗಿನಲ್ಲಿ ದೂರ ಕಡಿಮೆಯಾದರೆ ಸ್ವಿಂಗ್ ಕೆಟ್ಟಿತೆಂದು ತಿಳಿಯಬಾರದು.

ಬೇಸಿಗೆಯಲ್ಲಿ ಗಟ್ಟಿಯಾಗಿ ಒಣಗಿದ ಎರೆಭೂಮಿಯ ಮೇಲೆ ಬಿದ್ದ ಚೆಂಡು ಬಹುದೂರ ಉರುಳುತ್ತದೆ; ಮಳೆಗಾಲದಲ್ಲಿ ಬಿದ್ದಲ್ಲೇ ಹೂತು ನಿಲ್ಲುತ್ತದೆ. ಆದ್ದರಿಂದ ಆಟಗಾರ ತನ್ನ ಹೊಡೆತವನ್ನು ಗಾಳಿಯಲ್ಲಿ ಹಾರಿದ ದೂರದಿಂದಲೇ ಅಳೆದುಕೊಳ್ಳಬೇಕು. ಮುಂಗಾರಿನ ಎದುರುಗಾಳಿಗೆ ಹೆಚ್ಚು ಬಲ ಹಾಕಿ ಬೀಸಿದರೆ ಚೆಂಡಿನ ಸುತ್ತು ಹೆಚ್ಚಿ ಅದು ಇನ್ನೂ ಮೇಲೆದ್ದು ಹಿಂದೆ ಬೀಳುತ್ತದೆ. ಟೀಯನ್ನು ತುಸು ತಗ್ಗಿಸಿ ನಿರಾಳವಾಗಿ ಬೀಸುವುದೇ ಸರಿ. ಬೇಸಿಗೆಯಲ್ಲಿ ಬೆಳಗ್ಗೆ ಬೇಗ ಅಥವಾ ಸಂಜೆ ಆಡಬೇಕು, ನೀರು ಕುಡಿಯುತ್ತಿರಬೇಕು.

ಸುರಕ್ಷತೆ ಎಲ್ಲಕ್ಕಿಂತ ಮುಖ್ಯ. ಹವ್ಯಾಸಿಯೊಬ್ಬನ ಒಳ್ಳೆಯ ಏಟಿಗೂ ಚೆಂಡಿನ ವೇಗ ಗಂಟೆಗೆ 200 ಕಿ.ಮೀ. ದಾಟುತ್ತದೆ. ಮನೆಗಳ ನಡುವಿನ ಖಾಲಿ ಜಾಗಗಳಲ್ಲಿ, ವಾಹನ ಓಡಾಡುವ ರಸ್ತೆಯ ಬದಿಯಲ್ಲಿ, ಜನ ದುಡಿಯುವ ಹೊಲಗಳತ್ತ ಗಟ್ಟಿ ಚೆಂಡನ್ನು ಹೊಡೆಯಲೇಬಾರದು. ಮೈದಾನ ದೂರವಿರುವವರು ಗಟ್ಟಿಮುಟ್ಟಾದ ಬಲೆ ಕಟ್ಟಿ, ಇಲ್ಲವೆ ಸ್ಪಂಜಿನ ಚೆಂಡು ಬಳಸಿ ಅಭ್ಯಾಸ ಮಾಡಬಹುದು. ಬಲೆಯಲ್ಲಿ ಚೆಂಡಿನ ಹಾರಾಟ ಕಾಣದಿರುವುದು ಕೊರತೆಯಾದರೂ, ಪೌಡರಿನ ಗುರುತು ಮತ್ತು ಮೊಬೈಲ್ ಚಿತ್ರ ಅದನ್ನು ಬಹುಮಟ್ಟಿಗೆ ತುಂಬಿಕೊಡುತ್ತವೆ. ಮೇಲೆ ಹೇಳಿದ ಮೂರು ಹಂತಗಳಲ್ಲಿ ಮೊದಲೆರಡಕ್ಕೆ ಇಷ್ಟೇ ಸಾಕು.

ಡ್ರೈವರ್ ಹೊಡೆತ ಒಂದೇ ವಾರದಲ್ಲಿ ಸುಧಾರಿಸುವುದಿಲ್ಲ. ಹೊಸ ಕೋಲು ಕೊಂಡ ಮಾತ್ರಕ್ಕೂ ಸುಧಾರಿಸುವುದಿಲ್ಲ. ಹಿಡಿತ, ನಿಲುವು, ಚೆಂಡಿನ ಜಾಗ ಇವು ಮೂರಕ್ಕೆ ವೇಗವೂ ಬೇಡ, ವಯಸ್ಸಿನ ಹಂಗೂ ಇಲ್ಲ. ಇವನ್ನು ಸರಿಮಾಡಿಕೊಂಡ ಮೇಲೆ ನಡುಮುಖಕ್ಕೆ ಹೊಡೆಯುವುದನ್ನು ಕಲಿಯಿರಿ, ಆಮೇಲೆ ದಿಕ್ಕನ್ನು ತಿದ್ದಿಕೊಳ್ಳಿ. ವೇಗದ ಮಾತನ್ನು ಕೊನೆಗಿಡಿ.